ಗೋಡೆಗಂಟಿದ ತಗಡಿನ ಪೈಪು ಕತ್ತರಿಸಲು ಯಾವುದು ವಾಸಿ?

ಸಾಗರದ ನಮ್ಮ ಮನೆಯ ನಾಲ್ಕು ಮೂಲೆಯಲ್ಲೂ ಸೂರಿನ ನೀರು ಇಳಿಸುವ ತಗಡಿನ ಪೈಪುಗಳಿವೆ. 4 ಇಂಚಿನ ಪೈಪು, ಅರ್ಧ ಮಿಲಿಮೀಟರ್ ದಪ್ಪದ ಜಿಐ ತಗಡು, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಕೆಳಗಿನ ಎರಡು ಅಡಿ ತುಕ್ಕು ತಿಂದು, ಮಳೆಗಾಲವಿಡೀ ನೀರು ಗೋಡೆಗೇ ಹೊಡೆಯುತ್ತಿತ್ತು. ಅಷ್ಟನ್ನು ಕತ್ತರಿಸಿ, ಪಿವಿಸಿ ಸೇರಿಸಿ, ನೀರನ್ನು ತೊಟ್ಟಿಗೆ ಬಿಡಬೇಕಿತ್ತು. ಆದರೆ ಪೈಪಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟೂ ಜಾಗ ಇಲ್ಲ. ಕ್ಲ್ಯಾಂಪ್ ಬಿಚ್ಚೋಣ ಅಂದರೆ ಸ್ಕ್ರೂ ತಲೆಗಳೆಲ್ಲ ತುಕ್ಕು ಹಿಡಿದು ಸವೆದಿವೆ. ಮುಂಭಾಗ ಯಾವುದರಲ್ಲಾದರೂ ಕತ್ತರಿಸಬಹುದು. ಕಷ್ಟ ಇರುವುದು ಹಿಂಭಾಗದಲ್ಲಿ.

ಮೊದಲು ಹಿಡಿದದ್ದು 4 ಇಂಚಿನ ಗ್ರೈಂಡರ್, ಡಿಸ್ಕ್ ತಿರುಗಿಸಿ ಲೋಹ ಕೊಯ್ಯುವ ಮೆಷಿನ್. ಮುಂಭಾಗ ಅರ್ಧ ನಿಮಿಷದಲ್ಲಿ ಸೀಳಿತು. ಅಲ್ಲಿಗೆ ಸುಖ ಮುಗಿಯಿತು. ಡಿಸ್ಕ್ 4 ಇಂಚು ಅಂದರೂ ಗೇರಿನ ತಲೆ ಅಡ್ಡ ಬರುವುದರಿಂದ ಒಳಗೆ ಇಳಿಯುವುದು ಹೆಚ್ಚೆಂದರೆ ಒಂದೂಕಾಲು ಇಂಚು. ಪಕ್ಕದಿಂದ ಒತ್ತಿದರೆ ಡಿಸ್ಕ್ ನೇರ ಗಾರೆಗೆ. ನಮ್ಮ ಗೋಡೆಯಲ್ಲಿ ಆ ಗೀರು ಈಗಲೂ ಇದೆ. ತುಂಡು ಸ್ವಲ್ಪ ಜಗ್ಗಿದ್ದಕ್ಕೆ ಡಿಸ್ಕ್ ಸಿಕ್ಕಿಕೊಂಡು ಮೆಷಿನ್ ಕೈಯಲ್ಲೇ ಒದೆಯಿತು. ಇನ್ನೂ ಒಳಗೆ ಹೋಗಲಿ ಅಂತ ಡಿಸ್ಕಿನ ರಕ್ಷಣಾ ಕವಚ (ಗಾರ್ಡ್) ಬಿಚ್ಚುವವರಿದ್ದಾರೆ, ದಯವಿಟ್ಟು ಬೇಡ. ಕಿಡಿಗಳದ್ದು ಇನ್ನೊಂದು ಕಥೆ. ಸುಣ್ಣದ ಗೋಡೆಗೆ ಅಂಟಿದ ಕಬ್ಬಿಣದ ಪುಡಿ ಆಗ ಕಾಣುವುದೇ ಇಲ್ಲ. ಒಂದು ಮಳೆ ಬಿದ್ದ ಮೇಲೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು ಎದ್ದು ಬಂದವು. ಜಿಐ ತಗಡಾದ್ದರಿಂದ ಸತುವಿನ ಹೊಗೆಯೂ ಬರುತ್ತದೆ, ಅದನ್ನು ಕುಡಿಯಬಾರದು.

ತಗಡು ಕತ್ತರಿ ಈ ಕೆಲಸಕ್ಕೆ ಆಗುವುದಿಲ್ಲ. ಒಂದು ದವಡೆ ಪೈಪಿನ ಒಳಗೆ ಹೋಗಬೇಕು, ಅದಕ್ಕೆ ಮೊದಲೇ ಸೀಳು ಬೇಕು. ಹೇಗೋ ಹಿಂದಕ್ಕೆ ತಲುಪಿದರೆ ಅಲ್ಲಿ ತಗಡು ಮಡಚಿ ಕೂಡಿಸಿದ ಜೋಡಣೆ ಇರುತ್ತದೆ. ಚೆನ್ನಾಗಿ ಕಾಣಲಿ ಅಂತ ಅದನ್ನು ಗೋಡೆ ಕಡೆಗೇ ತಿರುಗಿಸಿರುತ್ತಾರೆ. ಅಲ್ಲಿ ತಗಡು ನಾಲ್ಕು ಪದರ. ನನ್ನ ಕತ್ತರಿ ಅಲ್ಲೇ ನಿಂತಿತು.

ಹ್ಯಾಕ್ಸಾ, ಅಂದರೆ ಕಬ್ಬಿಣ ಕೊಯ್ಯುವ ಕೈಗರಗಸ, ನನ್ನ ಮನಸ್ಸು ಗೆದ್ದಿತು. ಆದರೆ ಬ್ಲೇಡ್ ಸರಿಯಾದ್ದಿರಬೇಕು. ಇಂಚಿಗೆ 18 ಹಲ್ಲಿನದು ತೆಳು ತಗಡಿಗೆ ಸಿಕ್ಕಿ ಕಿತ್ತುಕೊಳ್ಳುತ್ತದೆ. 32 ಹಲ್ಲಿನದು ಕೇಳಿ ತನ್ನಿ. ಫ್ರೇಮಿನಲ್ಲಿ ಮುಕ್ಕಾಲು ಭಾಗ ಆರಾಮಾಗಿ ಕೊಯ್ದೆ. ಆಮೇಲೆ ಫ್ರೇಮಿನ ಬೆನ್ನು ಪೈಪಿಗೆ ತಾಗಿತು. ಅಲ್ಲಿಂದ ಬರೀ ಬ್ಲೇಡ್. ಹಲ್ಲು ನಮ್ಮ ಕೈ ಕಡೆಗೆ ಬಾಗಿರುವಂತೆ ಹಿಡಿದು, ಎಳೆಯುವಾಗ ಮಾತ್ರ ಕೊಯ್ಯಬೇಕು. ತಳ್ಳಿದರೆ ಬಳುಕುತ್ತದೆ. ತುದಿಗೆ ಬಟ್ಟೆ ಸುತ್ತಿ, ಬೆನ್ನಿನ ಕಡೆಯಿಂದ ಚಿವುಟಿದ ಹಾಗೆ ಹಿಡಿದರೆ ಬೆರಳು ಗೋಡೆಗೆ ತರಚುವುದಿಲ್ಲ. ಒಂದು ಪೈಪಿಗೆ ಅರ್ಧ ಗಂಟೆ ಹಿಡಿಯಿತು, ಬೆರಳು ಸೋತವು. ಆದರೆ ಗೋಡೆಗೆ ಒಂದು ಗೀರೂ ಬೀಳಲಿಲ್ಲ.

ಕೊನೆಯ ಮೂಲೆಗೆ ಬಡಗಿಯೊಬ್ಬರಿಂದ ಮಲ್ಟಿಟೂಲ್ ತಂದೆ. ಇದರ ಬ್ಲೇಡ್ ಸುತ್ತುವುದಿಲ್ಲ, ಸಣ್ಣಗೆ ಅತ್ತಿತ್ತ ನಡುಗುತ್ತದೆ. ಲೋಹಕ್ಕೆ ಅಂತಲೇ ಬರುವ ಬೈಮೆಟಲ್ (ಎರಡು ಲೋಹ ಬೆಸೆದ) ಬ್ಲೇಡ್ ಹಾಕಿ, ಗೋಡೆಗೆ ಒರಗಿಸಿಕೊಂಡೇ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ತೂರಿಸಿದೆ. ನಡುವೆ ಬೆರಳಗಲ ಉಳಿಯಿತು. ಕೆಳಗಿನ ತುಂಡನ್ನು ನಾಲ್ಕು ಸಲ ಹಿಂದೆ ಮುಂದೆ ಬಾಗಿಸಿದೆ, ಕೈಗೆ ಬಂತು. ಸದ್ದು ಜಾಸ್ತಿ, ಬ್ಲೇಡ್ ಬೇಗ ಸವೆಯುತ್ತದೆ. ಅದಕ್ಕೇ ಇಡೀ ಪೈಪನ್ನು ಇದರಲ್ಲೇ ಕೊಯ್ಯುವುದು ದಂಡ. ಮುಂಭಾಗ ಹ್ಯಾಕ್ಸಾ, ಹಿಂಭಾಗ ಮಲ್ಟಿಟೂಲ್, ಇನ್ನೊಮ್ಮೆ ಮಾಡುವುದಾದರೆ ನಾನು ಹೀಗೇ ಮಾಡುತ್ತೇನೆ. ಮಲ್ಟಿಟೂಲ್ ಸಿಗದಿದ್ದರೆ ಹ್ಯಾಕ್ಸಾದ ಬರೀ ಬ್ಲೇಡೇ ಸಾಕು, ಸುಮ್ನೆ ಗ್ರೈಂಡರ್ ತರಬೇಡಿ.

ಯಾವುದರಲ್ಲಿ ಕೊಯ್ದರೂ ಅಂಚಿನಲ್ಲಿ ಸತು ಹೋಗಿ ಬರೀ ಕಬ್ಬಿಣ ಉಳಿಯುತ್ತದೆ. ಅರದಿಂದ ಉಜ್ಜಿ, ಜಿಂಕ್ ಪ್ರೈಮರ್ (ಸತುವಿನ ತಳಬಣ್ಣ) ಎರಡು ಸಲ ಬಳಿದು, ಒಣಗಿದ ಮೇಲೆಯೇ ಪಿವಿಸಿ ಸೇರಿಸಿ.