ಸೌಂಡ್‌ಬಾರ್, ಹೋಂ ಥಿಯೇಟರ್, ಹಳೇ ಆಂಪ್ಲಿಫೈಯರ್: ನಮ್ಮ ಹಂಚಿನ ಮನೆಯಲ್ಲಿ ಉಳಿದದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಮತ್ತು ಅದರ ಎರಡು ಸ್ಪೀಕರ್‌ಗೆ. ಈ ಬುದ್ಧಿ ಬರುವುದಕ್ಕೆ ನಾನು ಹದಿಮೂರು ಸಾವಿರ ಕೊಟ್ಟು ಒಂದು ಸೌಂಡ್‌ಬಾರ್ ಕೊಂಡೆ. ಭಾವನ ಮನೆಯಿಂದ ಒಂದು 5.1 ಹೋಂ ಥಿಯೇಟರ್ ಹೊತ್ತು ತಂದೆ. ಒಂದು ಇಡೀ ಮಳೆಗಾಲ ಮನೆಯವರ ಹತ್ತಿರ ಬೈಸಿಕೊಂಡೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ. ಹಂಚಿನ ಮಾಡು, ಮರದ ಮುಚ್ಚಿಗೆ, ಕೆಂಪು ಗಾರೆ ನೆಲ, ನಾಲ್ಕೂ ಕಡೆ ಬಾಗಿಲಿರುವ ನಡುಮನೆ. ಟಿವಿ ಇರುವುದು ಆ ನಡುಮನೆಯಲ್ಲೇ. ಅಪ್ಪಯ್ಯನಿಗೆ ಎಪ್ಪತ್ತಾರು ವರ್ಷ, ಸಂಜೆಯಾದರೆ ಯಕ್ಷಗಾನ ಬೇಕು. ಅಮ್ಮನಿಗೆ ಧಾರಾವಾಹಿ. ನನಗೆ ಎಲ್ಲರೂ ಮಲಗಿದ ಮೇಲೆ ಒಂದು ಸಿನಿಮಾ. ಅಡಿಕೆ ಸುಲಿಯುವ ದಿನಗಳಲ್ಲಿ ಜಗಲಿಯಲ್ಲಿ ಹತ್ತು ಜನ ಕೂತಿರುತ್ತಾರೆ, ಅವರಿಗೆ ಹಾಡು ಕೇಳಬೇಕು. ಹೊಸ ಟಿವಿ ತೆಳ್ಳಗಿದ್ದಷ್ಟೂ ಅದರ ಸ್ಪೀಕರ್ ಸಣ್ಣದು. ಭಾಗವತರ ಪದ್ಯ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಶುರುವಾಗಿದ್ದು ಅಲ್ಲಿಂದ.

ಸೌಂಡ್‌ಬಾರ್ ತಂದಿದ್ದು ಏಪ್ರಿಲ್‌ನಲ್ಲಿ. ಒಂದು ಉದ್ದ ಕೋಲು, ಜೊತೆಗೆ ದಪ್ಪ ಸದ್ದಿಗೆ ಅಂತಲೇ ಇರುವ, ವೈರ್ ಇಲ್ಲದ ಒಂದು ಸಬ್‌ವೂಫರ್. ಟಿವಿಯ ಸದ್ದನ್ನು ಹೊರಗಿನ ಸ್ಪೀಕರಿಗೆ ಕಳಿಸುವ, ಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ತೂತಿಗೆ ಒಂದೇ ಕೇಬಲ್ ಚುಚ್ಚಿದರೆ ಮುಗಿಯಿತು. ಟಿವಿ ರಿಮೋಟಿನಲ್ಲೇ ಅದರ ದನಿಯೂ ಏರುತ್ತದೆ, ಇಳಿಯುತ್ತದೆ. ಮೂರು ವಾರ ನಾನೇ ಜಾಣ ಅಂದುಕೊಂಡಿದ್ದೆ.

ಆಮೇಲೆ ಗುಡುಗು ಶುರುವಾಯಿತು. ನಮ್ಮ ಕಡೆ ಗುಡುಗು ಕೇಳಿದ ಕೂಡಲೇ ಮನೆಯಲ್ಲಿ ಯಾರಾದರೂ ಒಬ್ಬರು ಓಡಿ ಹೋಗಿ ಪ್ಲಗ್ ಕೀಳುತ್ತಾರೆ. ಡಿಶ್ ಕೇಬಲ್ಲನ್ನೂ ಬಿಚ್ಚಿ ಬಿಸಾಕುತ್ತಾರೆ. ಸಿಡಿಲು ಹೊಡೆದು ಒಂದು ಸೆಟ್‌ಟಾಪ್ ಬಾಕ್ಸು, ಒಂದು ಫ್ರಿಜ್ಜು ಕಳೆದುಕೊಂಡ ಮನೆ ಇದು, ಹಾಗಾಗಿ ಅದರಲ್ಲಿ ಚೌಕಾಸಿ ಇಲ್ಲ. ಜೂನ್ ಬಂದ ಮೇಲಂತೂ ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ. ಎಲ್ಲೋ ಕಾಡಿನಲ್ಲಿ ಲೈನಿನ ಮೇಲೆ ಮರ ಬಿದ್ದಿರುತ್ತದೆ, ಯಾರನ್ನು ಬೈಯೋಣ?

ತೊಂದರೆ ಇಷ್ಟೇ. ಒಂದು ಸಲ ಕರೆಂಟು ಹೋಗಿ ಬಂದರೆ ನನ್ನ ಸೌಂಡ್‌ಬಾರ್‌ಗೆ ತಾನು ಟಿವಿಗೆ ಸೇರಿದ್ದು ಅನ್ನುವುದೇ ಮರೆತು ಹೋಗುತ್ತದೆ. ತಾನಾಗಿ ಆನ್ ಆಗಿ, ನೇರ ಬ್ಲೂಟೂತ್‌ಗೆ ಹೋಗಿ ಕೂರುತ್ತದೆ. ಅತ್ತ ಟಿವಿಯೂ ಅದೇ ಹೊತ್ತಿಗೆ ಏಳುತ್ತದೆ. ಎಆರ್‌ಸಿಯಲ್ಲಿ ಯಾರಾದರೂ ಇದ್ದಾರಾ ಅಂತ ಹುಡುಕುತ್ತದೆ, ಯಾರೂ ಮಾತಾಡುವುದಿಲ್ಲ, ಸರಿ ಅಂತ ತನ್ನದೇ ಸಣ್ಣ ಸ್ಪೀಕರಿಗೆ ಮರಳುತ್ತದೆ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ, ಸೌಂಡ್ ಔಟ್‌ಪುಟ್ ಹುಡುಕಿ, ಎಆರ್‌ಸಿ ಆರಿಸಿ, ಆಗಲಿಲ್ಲವಾದರೆ ಕೇಬಲ್ ಕಿತ್ತು ಮತ್ತೆ ಚುಚ್ಚಬೇಕು. ನಾನು ಮನೆಯಲ್ಲಿದ್ದರೆ ಎರಡು ನಿಮಿಷದ ಕೆಲಸ. ನಾನು ತೋಟದಲ್ಲಿದ್ದರೆ ಅಪ್ಪಯ್ಯ ಆ ದಿನ ಡಬ್ಬದ ಭಾಗವತರನ್ನೇ ಕೇಳಬೇಕು.

ಇನ್ನೊಂದು ಗಂಟು ಇದೆ. ಬ್ಲೂಟೂತ್‌ಗೆ ಹೋದ ಕೂಡಲೇ ಅದು ಒಬ್ಬಳು ಹೆಂಗಸಿನ ದನಿಯಲ್ಲಿ ಇಂಗ್ಲಿಷಿನಲ್ಲಿ ಜೋರಾಗಿ 'ಬ್ಲೂಟೂತ್ ಮೋಡ್' ಅನ್ನುತ್ತದೆ. ಹಗಲಾದರೆ ಪರವಾಗಿಲ್ಲ. ರಾತ್ರಿ ಎರಡು ಗಂಟೆಗೆ ಕರೆಂಟು ಬಂದಾಗಲೂ ಹೇಳುತ್ತದೆ. ಮೊದಲ ಸಲ ಅಪ್ಪಯ್ಯ ಎದ್ದು ಲಾಟೀನು ಹಿಡಿದು ನಡುಮನೆಗೆ ಬಂದಿದ್ದರು. "ಯಾರು ಮಾರಾಯ ಅದು, ಎಂತ ಹೇಳ್ತಿದ್ದಾಳೆ?" ಆ ದನಿಯನ್ನು ನಿಲ್ಲಿಸುವ ದಾರಿ ಆ ಮಾಡೆಲ್ಲಿನಲ್ಲಿ ಇಲ್ಲವೇ ಇಲ್ಲ. ಕೈಪಿಡಿ ಪೂರ್ತಿ ಓದಿದೆ. ರಜೆಗೆ ಬಂದ ಅಕ್ಕನ ಮಗನ ಫೋನು ಒಂದು ಸಲ ಅದಕ್ಕೆ ಜೋಡಿಯಾದ ಮೇಲೆ ಇನ್ನೂ ಮಜಾ. ಕರೆಂಟು ಬಂದ ಕೂಡಲೇ ಬಾರ್ ಅವನ ಫೋನನ್ನು ಹುಡುಕಿ ಹಿಡಿಯುತ್ತಿತ್ತು. ಅವನು ಒಳಕೋಣೆಯಲ್ಲಿ ಕದ್ದು ನೋಡುತ್ತಿದ್ದ ಗೇಮಿನ ಗುಂಡಿನ ಸದ್ದು ದೇವರ ಕೋಣೆಯ ತನಕ ಕೇಳಿತು.

ಸುಮ್ಮನೆ ಕೂರಲಿಲ್ಲ ನಾನು. ದುಬಾರಿ ಕೇಬಲ್ ತಂದೆ, ಬದಲಾಗಲಿಲ್ಲ. ಟಿವಿಯಲ್ಲಿ ಸಿಇಸಿ ಅನ್ನುವುದನ್ನು, ಅಂದರೆ ಎಚ್‌ಡಿಎಂಐ ಮೂಲಕ ಒಂದು ಯಂತ್ರ ಇನ್ನೊಂದಕ್ಕೆ ಆಜ್ಞೆ ಕೊಡುವ ಏರ್ಪಾಡನ್ನು, ಆಫ್ ಮಾಡಿ ಆನ್ ಮಾಡಿದೆ, ಎರಡು ದಿನ ಸರಿ ಇತ್ತು. ಸದ್ದನ್ನು ಬೆಳಕಾಗಿ ಒಯ್ಯುವ ಆಪ್ಟಿಕಲ್ ಕೇಬಲ್ ಹಾಕಿದೆ. ಟಿವಿ ಕಡೆಯ ಗೊಂದಲ ಹೋಯಿತು, ಆದರೆ ಬಾರ್ ಮಾತ್ರ ಕರೆಂಟು ಬಂದಾಗೆಲ್ಲ ಬ್ಲೂಟೂತ್‌ಗೇ ಹೋಗುತ್ತಿತ್ತು. ಅದರದೇ ರಿಮೋಟಿನಲ್ಲಿ ಮೂರು ಸಲ ಒತ್ತಿ ವಾಪಸ್ ಕರೆತರಬೇಕು. ಜೊತೆಗೆ ಟಿವಿ ರಿಮೋಟಿನಲ್ಲಿ ದನಿ ಏರಿಸುವ ಸುಖವೂ ಹೋಯಿತು, ಯಾಕೆಂದರೆ ನಮ್ಮ ಟಿವಿ ಆಪ್ಟಿಕಲ್‌ನಲ್ಲಿ ಒಂದೇ ಮಟ್ಟದ ದನಿ ಕಳಿಸುತ್ತದೆ. ಇನ್ವರ್ಟರಿಗೆ ಜೋಡಿಸಿ ನೋಡಿದೆ. ಕರೆಂಟು ಇನ್ವರ್ಟರಿಗೆ ಬದಲಾಗುವ ಆ ಒಂದು ಕ್ಷಣಕ್ಕೂ ಅದಕ್ಕೆ ಮರೆವು ಬರುತ್ತಿತ್ತು. ಇಷ್ಟರಲ್ಲಿ ವಾಪಸ್ ಕೊಡುವ ಹತ್ತು ದಿನ ಯಾವಾಗಲೋ ಮುಗಿದಿತ್ತು. ಸರ್ವೀಸ್‌ಗೆ ಫೋನ್ ಮಾಡಿದರೆ "ಅದು ಹಾಗೇ ಇರೋದು ಸರ್" ಅಂದರು. ಅಲ್ಲಿಗೆ ಕತೆ ಮುಗಿಯಿತು.

ದನಿಯ ಬಗ್ಗೆ ಹೇಳುವುದಾದರೆ, ಸಿನಿಮಾದ ಮಾತು ಸೌಂಡ್‌ಬಾರ್‌ನಲ್ಲಿ ತುಂಬ ಸ್ಪಷ್ಟ. ಯಕ್ಷಗಾನಕ್ಕೆ ಬಂದರೆ ಸೋಲುತ್ತದೆ. ಚಂಡೆಯ ಒಂದೊಂದು ಪೆಟ್ಟೂ ಥಟ್ಟನೆ ಏರುವ ಸದ್ದು. ಬಾರ್‌ನೊಳಗಿನ ಸಣ್ಣ ಸ್ಪೀಕರುಗಳು ಅದನ್ನು ತಡೆಯಲಾರವು. ಅದಕ್ಕೇ ಒಳಗಿನ ಸರ್ಕ್ಯೂಟು ಪ್ರತಿ ಪೆಟ್ಟಿಗೂ ಒಟ್ಟು ದನಿಯನ್ನೇ ತಗ್ಗಿಸಿ ಆಮೇಲೆ ಬಿಡುತ್ತದೆ. ಚಂಡೆ ಬಿದ್ದಾಗ ಭಾಗವತರು ಮುಳುಗುತ್ತಾರೆ, ನಿಂತಾಗ ಮೇಲೆ ಬರುತ್ತಾರೆ. ಹೆಸರಾಂತ ಭಾಗವತ ಕಾಳಿಂಗ ನಾವಡರ ಹಳೇ ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದನ್ನು ಹಾಕಿದೆ. ಅಷ್ಟು ಏರು ಶ್ರುತಿಯ ಕಂಠ, ಅದೂ ಹೀಗೆ ತೇಲಿ ಮುಳುಗಿದರೆ ಅಪ್ಪಯ್ಯ ಕೇಳುತ್ತಾರಾ? ಎದ್ದು ಹೋದರು.

5.1 ಹೋಂ ಥಿಯೇಟರಿನದು ಚಿಕ್ಕ ಕತೆ. ಭಾವ ಸಾಗರದಲ್ಲಿ ಹೊಸ ಮನೆ ಕಟ್ಟಿಸಿದಾಗ ಹಳೆಯದನ್ನು "ಎರಡು ವಾರ ಇಟ್ಕೊಂಡು ನೋಡು" ಅಂತ ಕೊಟ್ಟ. ಐದು ಪುಟ್ಟ ಸ್ಪೀಕರು, ಒಂದು ದಪ್ಪ ಸಬ್‌ವೂಫರು. ನಾಲ್ಕು ಬಾಗಿಲಿನ ನಡುಮನೆಯಲ್ಲಿ ಹಿಂದಿನ ಎರಡು ಸ್ಪೀಕರಿಗೆ ಜಾಗ ಎಲ್ಲಿ? ಒಂದನ್ನು ಅಡುಗೆಮನೆ ಬಾಗಿಲ ಮೇಲೆ ಮೊಳೆ ಹೊಡೆದು ತೂಗಿಸಿದೆ. ಇನ್ನೊಂದರ ವೈರು ಹೊಸ್ತಿಲು ದಾಟಿ ಹೋಗಬೇಕಾಯಿತು. ಅಮ್ಮ ಎಡವಿದ್ದು ಒಂದು ಸಲ, ಇಲಿ ಕಡಿದಿದ್ದು ಎರಡು ಸಲ. ಸಬ್‌ವೂಫರ್ ಗುಡುಗಿದರೆ ಮುಚ್ಚಿಗೆಯ ಹಲಗೆಗಳು ಗಡಗಡ ಅನ್ನುತ್ತಿದ್ದವು. ಅಟ್ಟದಲ್ಲಿಟ್ಟ ಹಿತ್ತಾಳೆ ಪಾತ್ರೆಗಳು ಅದಕ್ಕೆ ತಾಳ ಹಾಕುತ್ತಿದ್ದವು. ಕಾಫಿ ಲೋಟಕ್ಕೆ ಮೇಲಿಂದ ಗೆದ್ದಲು ಮಣ್ಣು ಉದುರಿತು.

ಯಕ್ಷಗಾನದ ರೆಕಾರ್ಡಿಂಗ್ ಇರುವುದೇ ಹೆಚ್ಚೆಂದರೆ ಎರಡು ಚಾನೆಲ್ಲಿನಲ್ಲಿ. ಅದನ್ನು ಈ ಯಂತ್ರ ಐದಕ್ಕೆ ಹರಿದು ಹಂಚುತ್ತದೆ. ಮದ್ದಳೆಯ ಅರ್ಧ ದನಿ ಬೆನ್ನ ಹಿಂದಿನಿಂದ ಬರುತ್ತಿತ್ತು. ಹಿಮ್ಮೇಳ ಹಿಂದೆ ಇರಬೇಕು ನಿಜ, ರಂಗಸ್ಥಳದ ಹಿಂದೆ, ನೋಡುವವನ ಹಿಂದಲ್ಲ. ಸರಿಯಾದ 5.1 ಟ್ರ್ಯಾಕ್ ಇರುವ ಸಿನಿಮಾ ಹಾಕಿದರೆ ಮಾತ್ರ ಇದನ್ನು ಮೀರಿಸಿದ್ದು ಈ ಮೂರರಲ್ಲಿ ಇಲ್ಲ. ಒಪ್ಪುತ್ತೇನೆ. ಅಂಥ ಸಿನಿಮಾ ನಾನು ತಿಂಗಳಿಗೆ ಎರಡು ನೋಡಿದರೆ ಹೆಚ್ಚು.

ಆಂಪ್ಲಿಫೈಯರ್ ಸಿಕ್ಕಿದ್ದು ಶಿವಮೊಗ್ಗದ ಗೆಳೆಯನೊಬ್ಬನಿಂದ. ಬೆಂಗಳೂರಿಗೆ ಮನೆ ಬದಲಿಸುತ್ತಿದ್ದ, ಐದು ಸಾವಿರಕ್ಕೆ ಕೊಟ್ಟ. ಎತ್ತಿದರೆ ಕೈ ಜಗ್ಗುವ ಭಾರ, ಮುಂದೆ ಒಂದು ಟಕ್ ಅನ್ನುವ ಸ್ವಿಚ್ಚು, ಒಂದು ದೊಡ್ಡ ತಿರುಪು. ರಿಮೋಟ್ ಇಲ್ಲ. ಸ್ಪೀಕರನ್ನು ನೆಹರೂ ರಸ್ತೆಯ ಕಡೆ ಅಂಗಡಿಗಳಲ್ಲಿ ಅಲೆದು ಹೊಸದನ್ನೇ ಕೊಂಡೆ, ಜೋಡಿಗೆ ಹನ್ನೊಂದು ಸಾವಿರ. ಅಂಗಡಿ ಹುಡುಗ ಕಾರು ಸಿಡಿಯುವ ದೃಶ್ಯ ಹಾಕಲು ಹೊರಟಿದ್ದ. ನಾನು ಪೆನ್‌ಡ್ರೈವ್ ಕೊಟ್ಟು ಭಾಗವತಿಕೆ ಹಾಕಿಸಿದೆ. ಒಂದು ಪದ್ಯ ಮುಗಿಯುವಷ್ಟರಲ್ಲಿ ಯಾವ ಜೋಡಿ ಅಂತ ಗೊತ್ತಾಯಿತು. ನೀವೂ ಹೀಗೇ ಮಾಡಿ, ದಿನಾ ಕೇಳುವುದನ್ನೇ ಅಲ್ಲಿ ಕೇಳಿ. ಡಬ್ಬದ ಮೇಲಿನ ವ್ಯಾಟ್ ನೋಡಿ ಮರುಳಾಗಬೇಡಿ. ವ್ಯಾಟ್ ಎರಡು ಪಟ್ಟಾದರೂ ದನಿ ಏರುವುದು 3 ಡೆಸಿಬಲ್ ಮಾತ್ರ, ಕಿವಿಗೆ ಅದು 'ಸ್ವಲ್ಪ ಜಾಸ್ತಿ' ಅಷ್ಟೇ.

ಒಂದು ವಿಷಯ ಮಾತ್ರ ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಸ್ಪೀಕರಿನ ಕೋನಿನ ಸುತ್ತ ಒಂದು ಮೆತ್ತನೆಯ ಬಳೆ ಇರುತ್ತದಲ್ಲ, ಅದು ರಬ್ಬರಿನದಾಗಿರಲಿ. ಫೋಮ್ ಆದರೆ ನಮ್ಮ ಮಳೆಗಾಲದ ತಂಡಿಗೆ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗಿ ಉದುರುತ್ತದೆ.

ಇದಕ್ಕೂ ತನ್ನದೇ ಕಿರಿಕಿರಿ ಇತ್ತು, ಮುಚ್ಚಿಡುವುದಿಲ್ಲ. ಟಿವಿಯ ಹೆಡ್‌ಫೋನ್ ತೂತಿನಿಂದ ವೈರು ಎಳೆದು ಜೋಡಿಸಿದ ಮೊದಲ ದಿನ ಸ್ಪೀಕರಿನಲ್ಲಿ ಗುಂಯ್ ಅಂತ ಒಂದೇ ಸಮನೆ ಸದ್ದು. ಆಂಪ್ಲಿಫೈಯರ್ ಕೆಟ್ಟಿದೆ ಅಂದುಕೊಂಡೆ. ಗುಡುಗು ಬಂತು, ಅಮ್ಮ ಬಂದು ಡಿಶ್ ಕೇಬಲ್ ಬಿಚ್ಚಿದರು, ಗುಂಯ್ ನಿಂತಿತು! ಮಾಡಿನ ಮೇಲಿನ ಡಿಶ್ಶಿಗೆ ಒಂದು ಅರ್ತಿಂಗು, ಮನೆ ವೈರಿಂಗಿಗೆ ಇನ್ನೊಂದು. ಎರಡರ ನಡುವೆ ಸಣ್ಣ ಕರೆಂಟು ಆಡಿಯೋ ವೈರಿನ ಮೂಲಕವೇ ಓಡಾಡುತ್ತಿತ್ತು. ಮದ್ದು ಸುಲಭ. ಟಿವಿಯಿಂದ ಆಪ್ಟಿಕಲ್ ಕೇಬಲ್ ಎಳೆದು, ಆರೇಳು ನೂರು ರೂಪಾಯಿಯ ಡಿಜಿಟಲ್ ಸದ್ದನ್ನು ಆಂಪ್ಲಿಫೈಯರಿಗೆ ಅರ್ಥವಾಗುವ ಹಾಗೆ ಬದಲಿಸುವ ಒಂದು ಪುಟ್ಟ ಡ್ಯಾಕ್ ಡಬ್ಬಿಗೆ ಕೊಟ್ಟು, ಅಲ್ಲಿಂದ ಆಂಪ್ಲಿಫೈಯರಿಗೆ ಕೊಟ್ಟೆ. ಆಪ್ಟಿಕಲ್‌ನಲ್ಲಿ ಹೋಗುವುದು ಬೆಳಕು, ಅದರ ಮೂಲಕ ಕರೆಂಟು ದಾಟುವುದಿಲ್ಲ. ಟಿವಿಯಲ್ಲಿ ಆಡಿಯೋವನ್ನು ಪಿಸಿಎಂ, ಅಂದರೆ ಅಡಕಗೊಳಿಸದ ಸಾದಾ ಡಿಜಿಟಲ್ ಸದ್ದು, ಅಂತ ಇಡಬೇಕು. ಡಾಲ್ಬಿ ಅಂತ ಬಿಟ್ಟರೆ ಈ ಅಗ್ಗದ ಡಬ್ಬಿಗಳಿಗೆ ಅರ್ಥವಾಗುವುದಿಲ್ಲ, ಬಾಯಿ ಬಿಡುವುದಿಲ್ಲ. ನಾನು ಅರ್ಧ ದಿನ ಇದಕ್ಕೇ ಕಳೆದೆ.

ಹೇಳಲು ನಾಚಿಕೆ, ಒಂದು ಸ್ಪೀಕರಿನ ಕೆಂಪು ಕಪ್ಪು ವೈರನ್ನು ತಿರುಗಾ ಮುರುಗಾ ಹಾಕಿದ್ದೆ. ಮದ್ದಳೆ ಟೊಳ್ಳಾಗಿತ್ತು, ಭಾಗವತರು ಎಲ್ಲಿ ಕೂತಿದ್ದಾರೆ ಅಂತಲೇ ತಿಳಿಯುತ್ತಿರಲಿಲ್ಲ. ಸರಿ ಮಾಡಿದ ಕೂಡಲೇ ಎರಡು ಸ್ಪೀಕರಿನ ನಟ್ಟನಡುವೆ ಬಂದು ಕೂತರು. ಗೋಡೆಯಿಂದ ಒಂದಡಿ ಮುಂದೆ ತಂದೆ, ಕುರ್ಚಿಯಲ್ಲಿ ಕೂತವರ ಕಿವಿಯ ಎತ್ತರಕ್ಕೆ ಇಟ್ಟೆ. ಅಷ್ಟೇ ಸೆಟ್ಟಿಂಗು.

ರಿಮೋಟ್ ಇಲ್ಲ ಅಂದೆನಲ್ಲ. ಅದಕ್ಕೆ ಆಂಪ್ಲಿಫೈಯರನ್ನೇ ಅಪ್ಪಯ್ಯನ ಈಸಿಚೇರಿನ ಪಕ್ಕಕ್ಕೆ ತಂದಿಟ್ಟು, ಉದ್ದ ವೈರು ಎಳೆದೆ, ಗೋಡೆಯ ಅಂಚಿಗೆ, ಇಲಿಗೆ ಸಿಗದ ಹಾಗೆ ಪಟ್ಟಿಯೊಳಗೆ. ಕರೆಂಟು ಹೋಗುತ್ತದೆ, ಬರುತ್ತದೆ. ಸ್ವಿಚ್ಚು ಒತ್ತಿದಲ್ಲೇ ಇರುತ್ತದೆ, ತಿರುಪು ಬಿಟ್ಟಲ್ಲೇ ಇರುತ್ತದೆ. ಟಿವಿ ಹಾಕಿದರೆ ಆಯಿತು, ಪದ್ಯ ಮುಂದುವರಿಯುತ್ತದೆ. ಯಾರೂ ಇಂಗ್ಲಿಷಿನಲ್ಲಿ ಏನೂ ಹೇಳುವುದಿಲ್ಲ. ನಿಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಇದರ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಗುಯ್ಗುಡಬಹುದು, ಸೈನ್ ವೇವ್ ಆದರೆ ಚಿಂತೆ ಇಲ್ಲ.

ವೈರು, ಡ್ಯಾಕ್ ಎಲ್ಲ ಸೇರಿ ಒಟ್ಟು 17,800 ಆಯಿತು. ಸೌಂಡ್‌ಬಾರಿಗಿಂತ ಸುಮಾರು ಐದು ಸಾವಿರ ಜಾಸ್ತಿ. ಪೇಟೆಯಲ್ಲಿ ಕರೆಂಟು ಹೋಗದ ಮನೆ, ಸಿನಿಮಾನೇ ಜಾಸ್ತಿ, ಹತ್ತು ಹನ್ನೆರಡು ಸಾವಿರದ ಮೇಲೆ ಖರ್ಚು ಬೇಡ ಅನ್ನುವವರು ಸೌಂಡ್‌ಬಾರನ್ನೇ ತಗೊಳ್ಳಿ. ಆದರೆ ಕೊಳ್ಳುವ ಮುಂಚೆ ಅಂಗಡಿಯಲ್ಲಿ ಪ್ಲಗ್ ಕಿತ್ತು ಮತ್ತೆ ಹಾಕಿಸಿ ನೋಡಿ, ಟಿವಿಗೇ ವಾಪಸ್ ಬರುತ್ತದಾ ಅಂತ. ನನ್ನದು ಈಗ ಬೆಂಗಳೂರಿನ ಅಕ್ಕನ ಫ್ಲ್ಯಾಟಿನಲ್ಲಿದೆ. ತುಂಬ ಚೆನ್ನಾಗಿದೆ ಅಂತೆ. ಹೋಂ ಥಿಯೇಟರು ಸಾಗರಕ್ಕೆ ವಾಪಸ್ ಹೋಯಿತು, ಬಾಗಿಲ ಮೇಲಿನ ಮೊಳೆಯಲ್ಲಿ ಈಗ ಅಮ್ಮನ ಮೊರ ತೂಗುತ್ತದೆ.

ಅಪ್ಪಯ್ಯ ಆಂಪ್ಲಿಫೈಯರಿನ ತಿರುಪಿನ ಸುತ್ತ ಸುಣ್ಣದಲ್ಲಿ ಮೂರು ಚುಕ್ಕೆ ಇಟ್ಟಿದ್ದಾರೆ. ಮೊದಲನೆಯದು ವಾರ್ತೆಗೆ, ಎರಡನೆಯದು ಪದ್ಯಕ್ಕೆ. ಮೂರನೆಯದು ಹಂಚಿನ ಮೇಲೆ ಮಳೆ ಜೋರಾದಾಗ ಪದ್ಯಕ್ಕೆ.