ಆಸ್ಪತ್ರೆ ಸಿಬ್ಬಂದಿಗೆ ಯಾವ ನಾಟಕ ಕಾರ್ಯಾಗಾರ?
ಆಸ್ಪತ್ರೆಯ ತರಬೇತಿಗೆ ನಾಟಕ ತರಬೇಕೆಂದಿದ್ದರೆ ದಾರಿ ಎರಡು. ಒಂದು, 1963ರಲ್ಲಿ ಅಮೆರಿಕದ ವೈದ್ಯ ಹೊವಾರ್ಡ್ ಬ್ಯಾರೋಸ್ ಶುರುಮಾಡಿದ ಪದ್ಧತಿ: ತರಬೇತಿ ಪಡೆದವರು ರೋಗಿಯ ಪಾತ್ರ ಮಾಡುತ್ತಾರೆ. ಒಬ್ಬೊಬ್ಬರ ಮಾತುಕತೆಯ ರೀತಿ ತಿದ್ದಲು, ಅಳೆಯಲು ಇದು ಚೆನ್ನ.

ಇನ್ನೊಂದು, 1970ರ ದಶಕದಲ್ಲಿ ಬ್ರೆಜಿಲ್‌ನ ಅಗಸ್ಟೋ ಬೋವಾಲ್ ರೂಪಿಸಿದ ಫೋರಂ ಥಿಯೇಟರ್: ತೊಡಕಿನ ದೃಶ್ಯವೊಂದನ್ನು ಒಮ್ಮೆ ಆಡಿ ತೋರಿಸಿ, ಮತ್ತೆ ಮೊದಲಿಂದ ಆಡುತ್ತಾರೆ. ದೃಶ್ಯ ಹೀಗಿರಲಿ: ಡಿಸ್ಚಾರ್ಜ್ ಬರೆದಾಗಿದೆ, ಬಿಲ್ ಬಂದಿಲ್ಲ, ಫಾರ್ಮಸಿ ಸಹಿ ಬಾಕಿ. ರೋಗಿಯ ಮಗ ನರ್ಸ್ ಮೇಲೆ ರೇಗುತ್ತಿದ್ದಾನೆ. ದೃಶ್ಯ ಮತ್ತೆ ಶುರುವಾದಾಗ ನೋಡುತ್ತಿದ್ದವರಲ್ಲಿ ಯಾರಾದರೂ "ನಿಲ್ಲಿಸಿ" ಎಂದು ಎದ್ದುಬಂದು ನರ್ಸ್ ಆಗಬಹುದು. ಬಿಲ್ಲಿಂಗ್ ಗುಮಾಸ್ತರೇ ಬಂದರೆ, ತಡ ಎಲ್ಲಾಗುತ್ತಿದೆ ಎಂಬುದು ಎಲ್ಲರೆದುರೇ ಬಯಲಾಗುತ್ತದೆ.

ವಿಭಾಗಗಳ ನಡುವಿನ ತೊಡಕಿಗೆ ನನ್ನ ಆಯ್ಕೆ ಇದೇ. ಆದರೆ ಮೇಲಧಿಕಾರಿ ಮುಂದಿನ ಸಾಲಲ್ಲಿ ಕೂತರೆ ಯಾರೂ ಬಾಯಿ ಬಿಡುವುದಿಲ್ಲ. ಅವರಿಗೂ ಒಂದು ಪಾತ್ರ ಕೊಡಿ, ವಾರ್ಡಿನ ಆಯಮ್ಮನ ಪಾತ್ರವೇ ಆಗಲಿ.