ಕುಣಿಕೆ, ಮೂರು ಕಣ್ಣಿನ ಸ್ವಿವೆಲ್, ಮಣಿ-ಕ್ರಿಂಪ್: ಕಡಲ ತಳದ ಮೀನಿಗೆ ಯಾವ ಜೋಡಣೆ?

ಒಂದೇ ದಾರಕ್ಕೆ ಎರಡು ಗಾಳ, ತುದಿಗೆ ಸೀಸದ ಭಾರ. ಗಾಳ ಹಿಡಿಯುವ ಗಿಡ್ಡ ದಾರವಾದ ಕವಲನ್ನು ಮುಖ್ಯ ದಾರಕ್ಕೆ ಸೇರಿಸುವುದು ಹೇಗೆ ಎಂಬ ಮಾತು ಬಂದರೆ ಹೆಚ್ಚಿನವರು ಗಂಟಿನ ಬಲವನ್ನಷ್ಟೇ ನೋಡುತ್ತಾರೆ. ಮೂರು ಬಗೆಯನ್ನೂ ಕಟ್ಟಿ ಬಳಸಿದ ಮೇಲೆ ನಮಗೆ ಅದಕ್ಕಿಂತ ಮುಖ್ಯವೆನಿಸಿದ್ದು, ನೀರೊಳಗೆ ಕವಲು ಮುಖ್ಯ ದಾರದಿಂದ ಹೊರಗೆ ಚಾಚಿ ನಿಲ್ಲುತ್ತದೆಯೇ, ಇಲ್ಲ ಅದಕ್ಕೇ ಸುತ್ತಿಕೊಳ್ಳುತ್ತದೆಯೇ ಎನ್ನುವುದು. ಸುತ್ತಿಕೊಂಡ ಗಾಳ ಎಷ್ಟು ಗಟ್ಟಿಯಾಗಿದ್ದರೂ ಕೆಲಸಕ್ಕೆ ಬಾರದು.

ಯಾವ ಬಗೆಯಾದರೂ ಒಂದು ಅಳತೆ ತಪ್ಪಬಾರದು. ಎರಡು ಕವಲುಗಳ ಉದ್ದವನ್ನು ಕೂಡಿಸಿದರೆ ಬರುವುದಕ್ಕಿಂತ ಅವುಗಳ ನಡುವಿನ ಅಂತರ ಹೆಚ್ಚಿರಬೇಕು. ಗಾಳವೂ ಸೇರಿ ಒಂದೊಂದು ಕವಲು 16 ಸೆಂ.ಮೀ. ಇದ್ದರೆ ಒಟ್ಟು 32. ಅಂತರ 50 ಇಟ್ಟರೆ ಒಂದರ ಗಾಳ ಇನ್ನೊಂದಕ್ಕೆ ತಗಲುವುದಿಲ್ಲ. ಕೆಳಗಿನ ಕವಲಿನಿಂದ ಭಾರದವರೆಗೆ 35 ಸೆಂ.ಮೀ. ಸಾಕು.

ಕುಣಿಕೆ ಎಂದರೆ ಮುಖ್ಯ ದಾರದಲ್ಲೇ ಹಾಕುವ ಉಂಗುರದಂಥ ಗಂಟು; ಇಲ್ಲಿ ಅದೇ ಕವಲು. ಇದಕ್ಕೆ ಬಿರುಸಾದ ಮೋನೋ (ಒಂಟಿ ಎಳೆಯ) ದಾರವೇ ಬೇಕು, 0.6ರಿಂದ 0.8 ಮಿ.ಮೀ. ದಪ್ಪದ್ದು. ಹೆಣೆದ ಬ್ರೇಡ್ ದಾರದಲ್ಲಿ ಕುಣಿಕೆ ಹಾಕಿದರೆ ಅದು ಒದ್ದೆ ನೂಲಿನ ಹಾಗೆ ಜೋತುಬೀಳುತ್ತದೆ. ತಲಾ 12 ಸೆಂ.ಮೀ.ಯ ಎರಡು ಕುಣಿಕೆಗೆ 2 ಮೀಟರ್ ಕತ್ತರಿಸಿಕೊಳ್ಳಿ. ಒಂದೊಂದು ಕುಣಿಕೆಯೇ 30 ಸೆಂ.ಮೀ.ಗಿಂತ ಹೆಚ್ಚು ದಾರ ತಿನ್ನುತ್ತದೆ. ದಾರವನ್ನು ದೊಡ್ಡ ಬಳೆಯಂತೆ ಬಳಸಿ, ಎರಡು ಎಳೆ ಅಡ್ಡ ಹಾಯುವ ಕಡೆ 6 ಸುತ್ತು ಹೊಸೆಯಿರಿ. ಆ ಆರರ ನಟ್ಟನಡುವೆ, ಆಚೆ 3 ಈಚೆ 3 ಇರುವಂತೆ, ಬೆರಳಿನಿಂದ ಸಂದು ಬಿಡಿಸಿ ಬಳೆಯ ಎದುರು ಬದಿಯನ್ನು ಅದರೊಳಗೆ ತೂರಿಸಿ. ತೂರಿಸಿದ ಕುಣಿಕೆಯನ್ನು ಒಂದು ಮೊಳೆಗೆ ಸಿಕ್ಕಿಸಿ, ಗಂಟನ್ನು ಉಗುಳಿನಿಂದ ಒದ್ದೆ ಮಾಡಿ, ದಾರದ ಎರಡೂ ತುದಿಗಳನ್ನು ನಿಧಾನವಾಗಿ ಎಳೆಯಿರಿ. ಒಣಗಂಟನ್ನು ಎಳೆದರೆ ತಿಕ್ಕಾಟದ ಬಿಸಿಗೆ ದಾರ ಬೆಳ್ಳಗಾಗಿ ಸುಕ್ಕುಗಟ್ಟುತ್ತದೆ. ಅಂಥ ಗಂಟನ್ನು ಕತ್ತರಿಸಿ ಎಸೆಯಿರಿ, ಅದರ ಮೇಲೆ ಕನಿಕರ ಬೇಡ. ಸುತ್ತುಗಳು ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಎರಡು ಆದರೆ ಕುಣಿಕೆ ವಾಲಿ ದಾರಕ್ಕೆ ಒರಗುತ್ತದೆ. ಇನ್ನು ಗಾಳ: ಕುಣಿಕೆಯ ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಗಾಳವನ್ನು ಅದೇ ಕುಣಿಕೆಯೊಳಗಿಂದ ದಾಟಿಸಿ ಎಳೆದರೆ ಮುಗಿಯಿತು. ಬದಲಿಸಬೇಕಾದಾಗ ಕತ್ತರಿ ಬೇಡ.

ಇದರ ಕೊರತೆಯೂ ಸಣ್ಣದಲ್ಲ. ಮೀನು ಅಡ್ಡಕ್ಕೆ ಜಗ್ಗಿದಾಗ ಸುತ್ತುಗಳು ಒಂದನ್ನೊಂದು ಕೊಯ್ಯುತ್ತವೆ. ದಾರದ ಪೂರ್ತಿ ಬಲ ಇಲ್ಲಿ ಸಿಗುವುದಿಲ್ಲ. ಅದಕ್ಕೇ ಬೇಕೆನಿಸಿದ್ದಕ್ಕಿಂತ ಒಂದು ಅಳತೆ ದಪ್ಪನೆಯ ದಾರ ಆರಿಸಿ. ಹಲ್ಲಿನ ಮೀನು ಕುಣಿಕೆಯನ್ನು ಕಡಿದರೆ ಇಡೀ ಜೋಡಣೆಯೇ ಹೋದಂತೆ.

ಆ ಒಂದು ತೊಂದರೆಗೆ ಮೂರು ಕಣ್ಣಿನ ಸ್ವಿವೆಲ್ (ದಾರ ಕಟ್ಟಲು ತಿರುಗುವ ಕಣ್ಣುಗಳಿರುವ ಲೋಹದ ಕೊಂಡಿ) ಒಳ್ಳೆಯ ಮದ್ದು. ಕವಲು ಬೇರೆ ದಾರದ್ದಾದ್ದರಿಂದ ಸವೆದದ್ದನ್ನು ತೆಗೆದು ಹೊಸದು ಕಟ್ಟಬಹುದು. ಕವಲನ್ನು ತುಸು ತೆಳುವಾಗಿಟ್ಟರೆ ಗಾಳ ಬಂಡೆಗೆ ಸಿಕ್ಕಿದಾಗ ಅದೊಂದೇ ಹರಿಯುತ್ತದೆ. ಆದರೆ ಒಂದೊಂದು ಸ್ವಿವೆಲ್‌ಗೆ ಮೂರು ಗಂಟು, ಎರಡು ಗಾಳಕ್ಕೆ ಆರು. ಮೆತ್ತನೆಯ ಕವಲು ಇಳಿಯುವಾಗಲೇ ಮುಖ್ಯ ದಾರಕ್ಕೆ ಸುತ್ತಿಕೊಳ್ಳುತ್ತದೆ. ಕವಲಿನ ಬುಡಕ್ಕೆ 4 ಸೆಂ.ಮೀ. ಗಡಸು ಪ್ಲಾಸ್ಟಿಕ್ ಕೊಳವೆ ಹಾಕಿದರೆ ಸುತ್ತು ಕಡಿಮೆಯಾದೀತು, ಪೂರಾ ನಿಲ್ಲದು.

ದಡದಿಂದ ಬೀಸಿ ಎಸೆಯುವವರಿಗೆ ನಮ್ಮ ಆಯ್ಕೆ ಮಣಿ-ಕ್ರಿಂಪ್. ಮುಖ್ಯ ದಾರವನ್ನು ಎಲ್ಲೂ ಕತ್ತರಿಸದೆ ಕ್ರಿಂಪ್ (ಒತ್ತಿದರೆ ದಾರಕ್ಕೆ ಕಚ್ಚಿಕೊಳ್ಳುವ ಪುಟ್ಟ ಲೋಹದ ಕೊಳವೆ), ಮಣಿ, ಚಿಕ್ಕ ಸ್ವಿವೆಲ್‌ನ ಒಂದು ಕಣ್ಣು, ಮಣಿ, ಮತ್ತೆ ಕ್ರಿಂಪ್, ಹೀಗೆ ಪೋಣಿಸಬೇಕು. ಸ್ವಿವೆಲ್‌ನ ಇನ್ನೊಂದು ಕಣ್ಣಿಗೆ ಕವಲು. ಎರಡೂ ಕವಲಿನ ಸಾಮಾನು ಪೋಣಿಸಿ ಮುಗಿಯುವವರೆಗೆ ಯಾವ ಕ್ರಿಂಪನ್ನೂ ಒತ್ತಬೇಡಿ. ನಡುವೆ ಒಂದು ಮಣಿ ಬಿಟ್ಟುಹೋದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಮಣಿಗಳ ನಡುವೆ 2-3 ಮಿ.ಮೀ. ಸಡಿಲ ಬಿಟ್ಟರೆ ಸ್ವಿವೆಲ್ ದಾರದ ಸುತ್ತ ಸಲೀಸಾಗಿ ತಿರುಗಿ, ಎರೆಯ ಗಿರಕಿ ದಾರಕ್ಕೆ ಏರುವುದಿಲ್ಲ. ಕ್ರಿಂಪ್ ಒತ್ತುವುದರಲ್ಲೇ ಹದ ಬೇಕು: ನಡುಭಾಗವನ್ನಷ್ಟೇ ಒತ್ತಿ, ಅಂಚುಗಳನ್ನು ಹಾಗೇ ಬಿಡಿ. ಅಂಚು ಒತ್ತಿದರೆ ಅದು ದಾರವನ್ನು ಕೊಯ್ಯುತ್ತದೆ. ಒತ್ತು ಸಾಲದಿದ್ದರೆ ಮೀನಿನ ಜಗ್ಗಾಟಕ್ಕೆ ಕವಲು ಜಾರಿ ಭಾರದ ಹತ್ತಿರ ಸೇರುತ್ತದೆ. ಒತ್ತಿದ ಮೇಲೆ ಪ್ರತಿಯೊಂದನ್ನೂ ಬೆರಳಿನಿಂದ ಜೋರಾಗಿ ಎಳೆದು ನೋಡಿ.

ದೋಣಿಯಿಂದ ನೇರ ಆಳಕ್ಕೆ ಇಳಿಸುವುದಾದರೆ ಕುಣಿಕೆಗೆ ಸಾಟಿಯಿಲ್ಲ: ಕವಲು ಗಿಡ್ಡ, ಬಿರುಸು, ಬಿಡಿಭಾಗವೇ ಇಲ್ಲ. ಎರೆಯ ವಿಷಯದಲ್ಲಿ ಮಾತ್ರ ಎಲ್ಲಕ್ಕೂ ಒಂದೇ ನಿಯಮ. ಬೊಂಡಾಸದ ಪಟ್ಟಿಯನ್ನು ಒಂದು ತುದಿಯಲ್ಲಿ ಒಮ್ಮೆ ಮಾತ್ರ ಚುಚ್ಚಿ. ಎರಡು ಮೂರು ಕಡೆ ಚುಚ್ಚಿ ಮುದ್ದೆ ಮಾಡಿದರೆ ಮೇಲೆಳೆಯುವಾಗ ಅದು ಫ್ಯಾನಿನಂತೆ ತಿರುಗಿ ಕವಲನ್ನು ಹಗ್ಗದ ಹಾಗೆ ಹೊಸೆಯುತ್ತದೆ. ಸರ್ಕಲ್ ಗಾಳವಿದ್ದರೆ (ಮೊನೆ ಒಳಕ್ಕೆ ಬಾಗಿದ ದುಂಡನೆಯ ಗಾಳ) ಮೀನು ಕಚ್ಚಿದಾಗ ರಾಡನ್ನು ಝಾಡಿಸಬೇಡಿ, ರೀಲ್ ಸುತ್ತಿ ದಾರ ಬಿಗಿ ಮಾಡಿದರೆ ಗಾಳ ಬಾಯಿಯ ಮೂಲೆಗೆ ತಾನೇ ಕೂರುತ್ತದೆ.

ಬಂಡೆಯ ತಳವಿದ್ದಲ್ಲಿ ಭಾರವನ್ನು ಮುಖ್ಯ ದಾರದ ಅರ್ಧದಷ್ಟು ಬಲದ ತೆಳು ದಾರದಿಂದ ಕಟ್ಟಿ. ಸಿಕ್ಕಿಕೊಂಡರೆ ಸೀಸ ಒಂದೇ ಹೋಗುತ್ತದೆ, ಮೀನು ಗಾಳದಲ್ಲೇ ಉಳಿಯುತ್ತದೆ. ಆದರೆ ಬೀಸಿ ಎಸೆಯುವಾಗ ಈ ತೆಳು ದಾರ ಬೇಡ. ಎಸೆತದ ಜಗ್ಗಿಗೆ ಅದು ತುಂಡಾದರೆ ಸೀಸ ಗುಂಡಿನಂತೆ ಹಾರುತ್ತದೆ. ಸಿಕ್ಕಿದ್ದನ್ನು ಬಿಡಿಸುವಾಗಲೂ ದಾರವನ್ನು ಬರಿಗೈಗೆ ಸುತ್ತಿ ಎಳೆಯಬೇಡಿ. ದಪ್ಪ ಬಟ್ಟೆ ಸುತ್ತಿದ ಕಟ್ಟಿಗೆಗೆ ಸುತ್ತಿ, ಮುಖ ಆಚೆ ತಿರುಗಿಸಿ ಎಳೆಯಿರಿ.